ಮುಚ್ಚಿದ ಕಣ್ಣಿನ ಫೋಟೊ

ಚಂದವ್ವ ಸೆರಗಿನಲ್ಲಿ ಸುತ್ತಿಕೊಂಡು ತಂದ, ಕಟ್ಟು ಹಾಕಿಸಿದ ಫೋಟೊವನ್ನು ಚನ್ನಬಸಯ್ಯನ ಕಂಪ್ಯೂಟರಿನ ಪಕ್ಕ ಬೋರಲು ಇಟ್ಟಳು.

"ಅಯ್ನೋರ, ಈಕಿ ಕಣ್ಣ ಮುಚ್ಚಿ ಕೊಡ್ರಿ."

"ತಗೀರಿ ಅಂದಾಕಿನೂ ನೀನ, ಮುಚ್ಚರಿ ಅನ್ನಾಕಿನೂ ನೀನ. ಏನಾತ ಈಗ?"

"ತಗೀರಿ ಅಂದಿದ್ದೆ. ನನ್ನ ಸಣ್ಣ ಮಗಳ ಭುವಿ ಕಣ್ಣ ತಂದ ಹಚ್ಚರಿ ಅಂದಿದ್ನೇನ್ರಿ? ದನದ ದವಾಖಾನ್ಯಾಗ ಇರಾವ್ರು, ಒಂದ ಎಮ್ಮಿ ಕಣ್ಣರ ಹಚ್ಚಬಾರದಿತ್ತ?"

ಚನ್ನಬಸಯ್ಯ ಫೋಟೊವನ್ನು ಅಂಗಾತ ತಿರುಗಿಸಿ ನೋಡಿದ. ತಾಳಿಕೋಟೆ ಕಡೆಯ ಆ ಊರಿನ ದನದ ದವಾಖಾನೆಯಲ್ಲಿ ಅವನು ಕಂಪೌಂಡರ್. ಡಿಜಿಟಲ್ ಕ್ಯಾಮೆರಾ ಇದ್ದದ್ದು ಅವನೊಬ್ಬನ ಹತ್ತಿರ. ರಜೆ ಸಿಕ್ಕರೆ ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದ. ಚಂದವ್ವನ ಹಿರಿ ಮಗಳು ಮರೆವ್ವ ಕಾಮಾಲೆಯಾಗಿ ಸತ್ತಾಗ, ಮಣ್ಣಿಗೆ ಒಯ್ಯುವ ಮೊದಲು ಹೆಣವನ್ನು ಪದ್ಧತಿಯಂತೆ ಕುರ್ಚಿಯಲ್ಲಿ ಕೂಡಿಸಿ ಫೋಟೊ ತೆಗೆಯಲು ಅವನನ್ನು ಕರೆಸಿದ್ದರು. ಹುಡುಗಿ ಬದುಕಿದ್ದಾಗಿನ ಒಂದು ಫೋಟೊವೂ ಮನೆಯಲ್ಲಿರಲಿಲ್ಲ. ಸಿಂದಗಿಯ ಸ್ಟುಡಿಯೋದವರು ಹೆಣದ ಫೋಟೊಗೆ ಕುಂಚದಿಂದ ತೆರೆದ ಕಣ್ಣು ಬರೆದು ಕೊಡುತ್ತಿದ್ದುದನ್ನು ಚಂದವ್ವ ನೋಡಿದ್ದಳು. ಹಾಗೇ ಮಾಡಿಕೊಡಿರೆಂದು ಅವನ ಕಾಲು ಹಿಡಿದಿದ್ದಳು. ಬರೆದ ಕಣ್ಣು ಗೊಂಬೆಯ ಕಣ್ಣಿನಂತೆ ಕಾಣುತ್ತದೆಂದು ಚನ್ನಬಸಯ್ಯನಿಗೆ ಅನ್ನಿಸಿತು. ಅಕ್ಕನದೇ ಮುಖಚಹರೆಯ ತಂಗಿ ಭುವನೇಶ್ವರಿಯ ಫೋಟೊ ತೆಗೆದು, ಯಾರಿಗೂ ಹೇಳದೆ, ಅವಳ ಕಣ್ಣುಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಮರೆವ್ವನ ಮುಖಕ್ಕೆ ಕೂಡಿಸಿದ. ಹಾಗೆ ಕೂಡಿದ್ದು ನೋಡಿ ಅವನಿಗೇ ಹೆಮ್ಮೆಯಾಗಿತ್ತು.

"ದಿನಾ ಮಾಲಿ ಹಾಕಿ ಊದಿನಕಡ್ಡಿ ಹಚ್ಚೇನ್ರಿ," ಎಂದಳು ಚಂದವ್ವ. "ನಿನ್ನಿ ಮಗ್ಗಲ ಮನಿ ಇಂದುಬಾಯಿ ಬಂದಾಕಿನ, 'ಇವು ಸಣ್ಣಾಕಿ ಕಣ್ಣಲ್ಲೇನ, ಜೀವಂತ ಇದ್ದಾಕಿ ಕಣ್ಣಿಗೆ ಮಾಲಿ ಹಾಕ್ತಿಯಲ್ಲ' ಅಂದ್ಲು. ಸಂಜಿಗೆ ಭುವಿ ಮೈ ಕೆಂಡಧಂಗ ಸುಡಾಕತ್ತಿತು. ಇರಾಕಿ ಒಬ್ಬಾಕಿ ಉಳದಾಳ್ರಿ ನನಗ."

"ಹುಚ್ಚಿ, ಜ್ವರ ಊರಾಗೆಲ್ಲ ಐತಿ."

ಆದರೂ ಕಂಪ್ಯೂಟರ್ ಹಚ್ಚಿದ. ಕಣ್ಣು ಮುಚ್ಚಿದ್ದ ಮೊದಲಿನ ಚಿತ್ರವನ್ನು ಹುಡುಕಿದ. ಆಗ ನೆನಪಾಯಿತು: ಕಣ್ಣು ಕೂಡಿಸಿದ ಖುಷಿಯಲ್ಲಿ ಹೊಸ ಚಿತ್ರವನ್ನು ಹಳೆಯ ಹೆಸರಿನಲ್ಲೇ ಉಳಿಸಿಬಿಟ್ಟಿದ್ದ. ಹೊಸದು ಕೂತ ಜಾಗದಲ್ಲಿ ಹಳೆಯದು ಇರುವುದಿಲ್ಲ. ಕ್ಯಾಮೆರಾದ ಕಾರ್ಡು ಸಣ್ಣದು. ಅದನ್ನೂ ಮರುದಿನವೇ ಖಾಲಿ ಮಾಡಿಕೊಂಡು ಹಿನ್ನೀರಿಗೆ ಹೋಗಿದ್ದ. ಪರದೆಯ ತುಂಬ ಕೊಕ್ಕರೆಗಳು ಬಂದವು. ಒಂದೊಂದು ಕೊಕ್ಕರೆಯನ್ನೂ ಎರಡೆರಡು ಕಡೆ ಜೋಪಾನ ಮಾಡಿಟ್ಟಿದ್ದ.

ಗಲ್ಲದ ಬಣ್ಣವನ್ನೇ ಎಳೆದು ಕಣ್ಣಿನ ಮೇಲೆ ಸವರಿ ನೋಡಿದ. ಕಣ್ಣೇ ಇಲ್ಲದ ಮುಖವೊಂದು ಎದುರಿಗೆ ನಿಂತಿತು. ಚಂದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬ್ಯಾಡ್ರಿ. ತಗೀರಿ ಅದನ್ನ."

"ಹಂಗಾದ್ರ ಈ ಫೋಟೊನ ಹೊಳಿಗೆ ಬಿಟ್ಟ ಬಾ, ಚಂದವ್ವಾ."

"ಒಮ್ಮಿ ಮಣ್ಣಾಗಿಟ್ಟ ಬಂದೇನಿ. ಎರಡನೇ ಸಲ ಆಗೂದಿಲ್ರಿ ನನ್ನ ಕೈಲೆ. ಮುಖಾ ಅನ್ನೂದ ಅದೊಂದ ಐತಿ."

ಉಳಿದಿದ್ದು ಒಂದೇ ದಾರಿ. ಭುವನೇಶ್ವರಿಯ ಮುಚ್ಚಿದ ರೆಪ್ಪೆಗಳು ಬೇಕು. ಬೆಳಕು ಹೊಂದಬೇಕೆಂದರೆ ಅದೇ ಪಡಸಾಲೆ, ಅದೇ ಗೋಡೆ, ಅದೇ ಕುರ್ಚಿ ಆಗಬೇಕು. ಚನ್ನಬಸಯ್ಯ ಅಳುಕುತ್ತಲೇ ಹೇಳಿದ. ಚಂದವ್ವ ಫೋಟೊವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತ, "ರೆಪ್ಪಿ ಅಷ್ಟ ಅಲ್ರಿ. ಕಣ್ಣ ಆಕಿ ಹಂತ್ಯಾಕ ಉಳೀತಾವು" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅವನು ಕ್ಯಾಮೆರಾ ಹಿಡಿದು ಚಂದವ್ವನ ಮನೆಗೆ ಹೋದಾಗ ಹುಡುಗಿ ಕೌದಿ ಹೊದ್ದುಕೊಂಡೇ ಪಡಸಾಲೆಗೆ ಎದ್ದು ಬಂದಳು. "ನಗಬೇಕೇನ್ರಿ ಅಯ್ನೋರ?" ಎಂದು ಕೇಳಿದಳು.

"ಬ್ಯಾಡವಾ. ಕಣ್ಣ ಮುಚ್ಚಿ ಸುಮ್ಮ ಕುಂದರು."

ಅವನು ಅಂದಿನಂತೆಯೇ ಫ್ಲ್ಯಾಶ್ ಬಂದ್ ಮಾಡಿದ. ಬಾಗಿಲನ್ನು ಅರ್ಧ ಮುಚ್ಚಿದ. ಮಂದ ಬೆಳಕಿನಲ್ಲಿ ಕ್ಯಾಮೆರಾ ಅಲುಗಬಾರದೆಂದು ಜೋಳದ ಚೀಲದ ಮೇಲೆ ಊರಿದ. ಚಿತ್ರದಲ್ಲಿ ಮರೆವ್ವನ ತಲೆ ಎಡಕ್ಕೆ ವಾಲಿತ್ತು.

"ತೆಲಿ ಒಂದೀಟ ಎಡಕ್ಕ ಚೆಲ್ಲು. ಇನ್ನಾ ಸ್ವಲ್ಪ. ಹಾಂ. ಈಗ ಉಸರ ಹಿಡಿ."

ಜ್ವರದಿಂದ ಬಾಡಿದ ಹುಡುಗಿ ಹೇಳಿದ ಹಾಗೆ ತಲೆ ಚೆಲ್ಲಿದಳು. ಕೌದಿಯೊಳಗಿನಿಂದ ಒಂದು ಕೈ ಜಾರಿ ಕುರ್ಚಿಯ ಪಕ್ಕಕ್ಕೆ ಇಳಿಬಿತ್ತು.

"ಏಳ!" ಚಂದವ್ವ ಕಿರುಚಿದಳು. ಓಡಿ ಬಂದು ಮಗಳ ರಟ್ಟೆ ಹಿಡಿದು ಜಗ್ಗಿ ನಿಲ್ಲಿಸಿದಳು. "ಕಣ್ಣ ತಗಿ. ತಗಿ ಅಂದ್ರ ತಗಿ. ನೋಡ ನನ್ನ ಕಡೆ!" ಹುಡುಗಿ ಬೆದರಿ ಕಣ್ಣು ಪಿಳುಕಿಸಿದಳು. ಚಂದವ್ವ ಅವಳನ್ನು ಹೊರಗಿನ ಬಿಸಿಲಿಗೆ ದಬ್ಬಿ, ಬಾಗಿಲನ್ನು ಮೊದಲಿನಂತೆ ಅರ್ಧ ಮುಚ್ಚಿ, ತಾನೇ ಆ ಕುರ್ಚಿಯಲ್ಲಿ ಕುಳಿತಳು.

"ನಂದ ತಗೋರಿ."

"ನಿನ್ನ ರೆಪ್ಪಿ ಸುಕ್ಕ ಬಿದ್ದಾವ ಚಂದವ್ವಾ. ಸಣ್ಣ ಹುಡಿಗಿ ಮುಖಕ್ಕ ಕೂಡೂದಿಲ್ಲ."

"ಹಡದಾಕಿ ನಾನ. ಕೂಡತಾವು, ತಗೀರಿ."

ಅವಳು ತಲೆಯನ್ನು ಎಡಕ್ಕೆ ಚೆಲ್ಲಿ ಕಣ್ಣು ಮುಚ್ಚಿದಳು. ಚನ್ನಬಸಯ್ಯ ಒತ್ತಿದ. ಪರದೆಯಲ್ಲಿ ನೋಡಿದ, ಮತ್ತೆ ಒತ್ತಿದ. ಎರಡೂ ಸಲ ಕಣ್ಣಿನ ಜಾಗ ಕದಡಿಹೋಗಿತ್ತು.

"ರೆಪ್ಪಿ ಅದರಾಕತ್ತಾವ ಚಂದವ್ವಾ. ಫೋಟೊ ಬರೂದಿಲ್ಲ."

"ಅವು ನಿಂದ್ರೂತನಕ ನೀವ ಕುಂದರ್ರಿ," ಎಂದಳು ಅವಳು, ಕಣ್ಣು ತೆರೆಯದೆ. "ನಾ ಎಲ್ಲಿಗೂ ಹೋಗೂದಿಲ್ಲ."