ಬಿರುಕಿನ ಮೇಲಿನ ಗಾಜು

ಮೇಸ್ತ್ರಿ ಗಾಜನ್ನು ನೋಡಲೇ ಇಲ್ಲ. ಅದನ್ನು ಗೋಡೆಗೆ ಹಿಡಿದಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದು, ಬೆರಳ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಗಾಜು ಒಡೆದಿಲ್ಲ ತಾನೇ?" ಎಂದಳು ಅವಳು, ಒಲೆ ಸಣ್ಣಗೆ ಮಾಡಿ.

ಪಕ್ಕದವರು ಪಾಯ ತೋಡಿದ ಮೇಲೆ ಅಡುಗೆಮನೆಯ ಇಟ್ಟಿಗೆ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು. ಹೋದ ವಾರ ಮೇಸ್ತ್ರಿ ಬಂದು ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದ. ಗಾಜು ಹಾಗೇ ಉಳಿದರೆ ಗೋಡೆ ಸರಿಯುವುದು ನಿಂತಿದೆ, ಬಿರುಕಿಗೆ ಗಾರೆ ತುಂಬಿದರೆ ಮುಗಿಯಿತು. ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ, ಕೂಡಲೇ ಮನೆ ಬಿಡಬೇಕು. ಗೋಡೆಗೂ ಕಿವಿ ಇರುತ್ತದೆ ಎಂದು ಅವಳು ಕೇಳಿದ್ದಳು. ಕಾಲೂ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಅಂದಿನಿಂದ ಗಾಜನ್ನು ಕಾಯುತ್ತಾ ಎರಡು ಸಲ ಹಾಲು ಉಕ್ಕಿಸಿದ್ದಳು. ಯಾವಾಗ ನೋಡಿದರೂ ಅದರಲ್ಲಿ ಒಂದು ಗೀರೂ ಇರಲಿಲ್ಲ. ಆ ಧೈರ್ಯದ ಮೇಲೆಯೇ ಅತ್ತೆಯ ಮಂಚವನ್ನು ಗೋಡೆಯ ಆಚೆಬದಿಯ ಕೋಣೆಯಲ್ಲಿ ಬಿಟ್ಟಿದ್ದಳು. ಸೊಂಟದ ಮೂಳೆ ಮುರಿದಿದ್ದ ಅತ್ತೆ ಏಳುವಂತಿರಲಿಲ್ಲ.

"ಈ ಸಿಮೆಂಟ್ ಯಾರಕ್ಕ ಹಚ್ಚಿದ್ದು?"

"ನೀವೇ ಅಲ್ವಾ?"

"ನಾನು ಹಚ್ಚಿದ್ದು ಇಷ್ಟೊತ್ತಿಗೆ ಕಲ್ಲಾಗಿರ್ಬೇಕಿತ್ತು. ಇದಿನ್ನೂ ಹಸಿ."

ಅವಳು ತಿರುಗಿ ನೋಡಿದಳು. ಕೋಣೆಯ ಬಾಗಿಲಲ್ಲಿ ಗಂಡ ಬಂದು ನಿಂತಿದ್ದ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಮೇಸ್ತ್ರಿಗೆ ಆ ಗಾಜು ಕೊಯ್ದು ತಂದುಕೊಟ್ಟವನೂ ಅವನೇ. ಇವತ್ತು ತಲೆನೋವೆಂದು ಅಂಗಡಿ ತೆಗೆದಿರಲಿಲ್ಲ. ಮಾತ್ರೆಗೊಮ್ಮೆ, ಶುಂಠಿಗೊಮ್ಮೆ, ಮುಲಾಮಿಗೊಮ್ಮೆ ಅವಳನ್ನು ಬೀದಿಗೆ ಓಡಿಸಿದ್ದ. ಅವನ ಬೆರಳ ಸಂದಿಯಲ್ಲಿ ಸಿಮೆಂಟು ಮೆತ್ತಿಕೊಂಡಿತ್ತು.

"ನೀನು ಹೆದರ್ತೀಯ ಅಂತ..." ಎಂದ. "ಅಮ್ಮನ್ನ ಈ ಸ್ಥಿತೀಲಿ ಎಲ್ಲಿಗೆ ಅಂತ ಕರ್ಕೊಂಡು ಹೋಗೋದು? ಇವತ್ತಲ್ಲ ನಾಳೆ ಗೋಡೆ ನಿಂತ್ಕೊಳ್ಳುತ್ತೆ ಅಂದ್ಕೊಂಡೆ."

ಅವಳಿಗೆ ಸಿಟ್ಟು ಬಂತು. ಅತ್ತೆಯನ್ನು ಆ ಗೋಡೆಯ ಬುಡದಲ್ಲಿ ಮಲಗಿಸಿ ತಾನು ನೆಮ್ಮದಿಯಿಂದ ನಿದ್ದೆ ಮಾಡಿದ್ದು ನೆನಪಾಗಿ, ಒಲೆ ಆರಿಸಿ ಗಂಡನೆದುರು ಬಂದು ನಿಂತಳು.

ಮೇಸ್ತ್ರಿ ದನಿ ಏರಿಸಲಿಲ್ಲ. "ಜಗಳ ಬೀದೀಲಿ ಆಡ್ಕೊಳ್ಳಿ. ಮೊದಲು ಅಜ್ಜೀನ ಎತ್ತಿ."

ಮಂಚ ಬಾಗಿಲಲ್ಲಿ ಹಿಡಿಯುವಂತಿರಲಿಲ್ಲ. ಮೂವರೂ ಸೇರಿ ಅತ್ತೆಯನ್ನು ಕಂಬಳಿ ಸಮೇತ ಎತ್ತಿಕೊಂಡರು. "ನಾನೇನು ಹೆಣವಾ, ಹೀಗೆ ಹೊತ್ಕೊಂಡು ಹೋಗೋಕೆ? ಇಳಿಸಿ" ಎಂದು ಅತ್ತೆ ಗೊಣಗಿದರು. ಹೊರಗೆ ಹೋಗಲು ಇದ್ದದ್ದು ಅಡುಗೆಮನೆಯೊಂದೇ ದಾರಿ, ಅದೂ ಆ ಗೋಡೆಯನ್ನು ಸವರಿಕೊಂಡೇ ಹೋಗಬೇಕು. ನೆತ್ತಿಯ ಮೇಲೆ ಇಟ್ಟಿಗೆಯ ಕೆಂಪು ಹುಡಿ ಸಣ್ಣಗೆ ಉದುರಿತು.

ಅತ್ತೆಗೆ ಕೇಳಿಸದ ಹಾಗೆ ಅವಳು ಪಿಸುಗುಟ್ಟಿದಳು, "ಎಷ್ಟು ಗಾಜು ಒಡೀತು, ನಿಜ ಹೇಳಿ."

ಗಂಡ ಗೋಡೆಯ ಕಡೆ ನೋಡಲಿಲ್ಲ.

"ಮೊನ್ನೆ ಒಂದು. ನಿನ್ನೆ ಒಂದು. ಇವತ್ತು ಬೆಳಿಗ್ಗೆಯಿಂದ ಮೂರು."