ಗಂಜಿ ತಿಂದ ಕಳ್ಳ

ಶಾಲೆಯಲ್ಲಿ ವಿಜ್ಞಾನ ಕಲಿಸುವ ತಾರಾಬಾಯಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಬಾಟಲಿ ಬಗ್ಗಿಸಿದಾಗ ಶಾರದವ್ವ ಹತ್ತಿರ ಸರಿದಳು. ಕರ್ನಾಟಕ ಏಕೀಕರಣದ ಹಬ್ಬಕ್ಕೆ ನೇಯಬೇಕಿದ್ದ ಸೀರೆಗಳ ನೂಲಿಗೆಂದು ಅತ್ತೆ ಶೇಖವ್ವ ಕಾಸಿಟ್ಟಿದ್ದ ಗಟ್ಟಿ ಗಂಜಿ ಬೆಳಗಾಗುವುದರೊಳಗೆ ನೀರಾಗಿತ್ತು. “ಸೊಸಿ ಅರ್ಧ ಕದ್ದು ಕುಡದು ನೀರು ಬೆರಿಸ್ಯಾಳ!” ಎಂದು ಆಕೆ ಬೆಟಗೇರಿಯ ಓಣಿಗೆಲ್ಲ ಕೇಳುವಂತೆ ಕೂಗಿದ್ದಳು.

ತಾರಾಬಾಯಿ ಮೊದಲು ಒಂದು ಬಟ್ಟಲಲ್ಲಿ ಹೊಸ ಗಂಜಿಗೆ ನೀರು ಬೆರೆಸಿ ಹನಿ ಹಾಕಿದಳು. ಅದು ಕಡುನೀಲಿಯಾಯಿತು. “ನೀರು ಬೆರಿಸಿದ್ರೂ ಹಿಟ್ಟಿದ್ದಲ್ಲಿ ನೀಲಿ ಆಗಾಕಬೇಕು, ಶೇಖವ್ವಾರ.” ಆಮೇಲೆ ನೀರಾಗಿದ್ದ ಗಂಜಿಯ ಗಡಿಗೆಗೆ ಹಾಕಿದಳು. ಕೆಂಪಗೆ ಬಿದ್ದ ಹನಿ ಕೆಂಪಗೇ ಉಳಿಯಿತು.

“ಇದರಾಗ ಹಿಟ್ಟೇ ಉಳದಿಲ್ಲ. ಕಣ್ಣಿಗೆ ಕಾಣದ ಜೀವ ತಿಂದಾವ್ರಿ. ಹಿಟ್ಟಂದ್ರ ಸಕ್ಕರಿ ಪೋಣಿಸಿದ ಎಳಿ. ಅವು ಬಿಡೋ ರಸ ಕತ್ತರಿ ಇದ್ದಂಗ, ಆ ಕತ್ತರಿಯೊಳಗ ಆ ಎಳಿ ಕೂಡೂವಂಥ ಕಚ್ಚು ಐತಿ. ಸಿಕ್ತಂದ್ರ ತುಂಡು ತುಂಡು! ಹಳೇ ಗಂಜಿ ತಳದಾಗ ಉಳದ್ರ ಅವು ಬೆಳೀತಾವ. ಗಡಗಿ ತೊಳದಿಲ್ಲೇನು?” ತಳ ಖಾಲಿಯಾದರೆ ಮಗ್ಗದ ಲಕ್ಷ್ಮಿ ಹೋಗುತ್ತಾಳೆಂದು ತೊಳೆಯಲು ಬಿಡದವಳು ಶೇಖವ್ವನೇ. ಆಕೆ ಗಡಿಗೆಯೊಳಗೆ ಇಣುಕಿದಳು. ತಾರಾಬಾಯಿ ಮುಂದುವರಿಸಿದಳು: “ಅಂಥಾ ಕತ್ತರಿ ನಮ್ಮ ಬಾಯಾಗಿನ ಜೊಲ್ಲಿನ್ಯಾಗೂ ಐತ್ರಿ. ಎರಡಕ್ಕೂ ಮೂಲ ಒಂದ, ಕೋಟಿಗಟ್ಟಲೆ ವರ್ಷದ ಹಿಂದಿಂದು.”

“ಅತ್ತಿ ಬಾಯಾಗಿಂದು ನನಗ ಮೊದ್ಲ ಗೊತ್ತಿತ್ತು ಬಿಡ್ರಿ, ಅಕ್ಕೋರ,” ಎಂದಳು ಶಾರದವ್ವ.

ಶೇಖವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು, ಬೂದಿ ತಂದು, ತಾನೇ ಗಡಿಗೆ ತಿಕ್ಕಲು ಕುಳಿತಳು.