ಹೊಲಿಗೆಯಿಲ್ಲದ ಸ್ವೆಟರ್

"ಇದಕ್ಕೆ ಹೊಲಿಗೆ ಹಾಕಿದೀಯಲ್ಲೇ!" ವೆಂಕಮ್ಮ ಸ್ವೆಟರನ್ನು ಮಗುಚಿ ಪಕ್ಕೆಯ ಅಂಚು ನೋಡಿದವರೇ ಅದನ್ನು ಹಿತ್ತಿಲ ಜಗಲಿಯ ಮೇಲೆ ಇಟ್ಟುಬಿಟ್ಟರು. "ನಾನು ಹೊಲಿದದ್ದು ತೊಡೋದಿಲ್ಲ ಅಂತ ಇಡೀ ತೀರ್ಥಹಳ್ಳಿಗೆ ಗೊತ್ತು. ಸೊಸೆಗೊಬ್ಬಳಿಗೆ ಗೊತ್ತಿಲ್ಲ. ಚಂದ ಆಯ್ತು!"

ಸೊಸೆ ಭಾಗೀರಥಿ ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ಅವಳು ಹೊರಗಾಗಿ ಅಂದಿಗೆ ಎರಡನೆಯ ದಿನ. ತಿಂಗಳಿಗೆ ಮೂರು ದಿನ ಆ ಮೂಲೆಯಲ್ಲಿ ಕೂತಾಗ ಅವಳು ಮುಟ್ಟಿದ್ದೆಲ್ಲ ಮೈಲಿಗೆ, ಉಣ್ಣೆಯೊಂದನ್ನು ಬಿಟ್ಟು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ. ಹಾಗಾಗಿ ಆ ಮೂರು ದಿನಗಳಲ್ಲೇ ಅವಳು ಅತ್ತೆಗೊಂದು ಸ್ವೆಟರ್ ಹೆಣೆಯಲು ಕೂತಿದ್ದು. ಉಳಿದ ದಿನ ಆ ಮನೆಯಲ್ಲಿ ಸೊಸೆಯ ಕೈಗೆ ಬಿಡುವು ಎಲ್ಲಿಂದ ಬರಬೇಕು? ಒಂದು ತಿಂಗಳು ಬೆನ್ನಿನ ತುಂಡು, ಮುಂದಿನ ಎರಡು ತಿಂಗಳು ಎದೆಯ ಮೇಲೆ ಒಂದರ ಮೇಲೊಂದು ಬಂದು ಕೂರುವ ಎರಡು ತುಂಡು, ಆಮೇಲೆರಡು ತಿಂಗಳು ಎರಡು ತೋಳು. ಆರನೆಯ ತಿಂಗಳು, ಅಂದರೆ ನಿನ್ನೆ, ಐದನ್ನೂ ಉಣ್ಣೆ ದಾರದಲ್ಲೇ ಹೊಲಿದು ಕೂಡಿಸಿದ್ದಳು.

ಮಾಡಿದ್ದು ಷೋಕಿಗಲ್ಲ. ವೆಂಕಮ್ಮ ವಿಧವೆ, ಮಡಿ ಹೆಂಗಸು. ಕೊರೆಯುವ ಚಳಿಯಲ್ಲೂ ಬೆಳಕು ಹರಿಯುವ ಮೊದಲು ತುಂಗೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಮನೆಗೆ ಬರುವವರು. ರವಿಕೆ ಕೂಡ ಇಲ್ಲ. ಉಣ್ಣೆಯ ಧಾಬಳಿ ಹೊದೆಸಿದರೆ ಒಲೆ ಊದಲು ಬಗ್ಗುವಾಗ ಜಾರುತ್ತದೆಂದು ಮೂಲೆಗೆ ಎಸೆಯುತ್ತಿದ್ದರು. ಹೋದ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿದಾಗ ಡಾಕ್ಟರು ಮಗ ನಾರಾಯಣಮೂರ್ತಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿಲ್ಲ. ಎದೆ ಬೆಚ್ಚಗಿಡಿ." ಈಗ ಮತ್ತೆ ಮಾರ್ಗಶಿರ ಬಂದಿತ್ತು, ಕೆಮ್ಮೂ ಬಂದಿತ್ತು.

"ಹೊಲಿಗೆ ಬಿಚ್ಚಿಬಿಡ್ತೀನಿ ಅತ್ತೆ," ಎಂದಳು ಭಾಗೀರಥಿ.

"ಬಿಚ್ಚಿದ್ರೆ ಐದು ಚೂರು. ಐದು ಚೂರು ಮೈಮೇಲೆ ಹೇರ್ಕೊಂಡು ಓಡಾಡ್ಲಾ ನಾನು?"

ಆಫೀಸಿಗೆ ಹೊರಟಿದ್ದ ನಾರಾಯಣಮೂರ್ತಿ ಬಾಗಿಲಲ್ಲಿ ನಿಂತು, "ಹೊಲಿದ್ರೆಂತ, ಹೆಣೆದ್ರೆಂತ ಅಮ್ಮಾ, ಒಟ್ಟು ಬೆಚ್ಚಗಿದ್ರಾಯ್ತಪ್ಪ," ಎಂದ. "ನಿನ್ನನ್ನ ಯಾರಾದ್ರೂ ಕೇಳಿದ್ರಾ? ಹೋಗು, ಹೊತ್ತಾಯ್ತು," ಎಂದು ಅಮ್ಮನಿಂದ ಬೈಸಿಕೊಂಡು ಛತ್ರಿ ಮರೆತು ಹೋದ.

ಭಾಗೀರಥಿ ಸ್ವೆಟರನ್ನು ತೊಡೆಯ ಮೇಲೆಳೆದುಕೊಂಡು ಪಕ್ಕೆಯ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಆಮೇಲೆ ಹೇಳಿದಳು: "ಅಂಚಿನ ಕುಣಿಕೆಗಳನ್ನ ಎತ್ತಿ ಕಡ್ಡಿಗೆ ಏರಿಸ್ಕೊಂಡು, ಎರಡು ಅಂಚನ್ನೂ ಒಟ್ಟಿಗೆ ಹೆಣೆದುಬಿಡ್ತೀನಿ ಅತ್ತೆ. ಸೂಜಿ ಮುಟ್ಟೋದೇ ಇಲ್ಲ."

"ಬುಟ್ಟಿ ಹೆಣೆದ ಹಾಗಾ?"

"ಹೂಂ, ಹಾಗೇ."

ವೆಂಕಮ್ಮ ಯೋಚಿಸಿದರು. ಬುಟ್ಟಿಯನ್ನು ಯಾರೂ ಹೊಲಿದದ್ದು ಅನ್ನುವುದಿಲ್ಲ. "ಸರಿ. ಆದ್ರೆ ನಾನು ಎದುರಿಗೆ ಕೂತು ನೋಡ್ತೀನಿ. ಕಣ್ಣು ತಪ್ಪಿಸಿ ಸೂಜಿ ಆಡಿಸಿದ್ಯೋ, ನೋಡ್ಕೋ!"

ಅಂದು ಊಟವಾದ ಮೇಲೆ ಅವರು ಮಣೆ ಹಾಕಿಕೊಂಡು ನಾಲ್ಕು ಮಾರು ದೂರದಲ್ಲಿ ಕೂತರು. ಮದುವೆಯಾಗಿ ಬಂದ ಮೇಲೆ ಆ ಮೂಲೆಯಲ್ಲಿ ಕೂತಾಗ ಭಾಗೀರಥಿಗೆ ಮಾತಿಗೊಂದು ಜನ ಸಿಕ್ಕಿದ್ದು ಅದೇ ಮೊದಲು. ತಪ್ಪು ಹುಡುಕಲು ಕೂತವರು ಗಳಿಗೆಯೊಳಗೆ ಕೇಳಿದರು: "ಇದೆಲ್ಲ ನಿಂಗೆ ಕಲಿಸಿದ್ಯಾರೇ?"

"ಆನಂದಪುರದ ಟೀಚರು. ಚೀನಾ ಯುದ್ಧದ ವರ್ಷ ನಮ್ಮ ಕೈಲಿ ಸೈನಿಕರಿಗೆ ಅಂತ ಹಾಕಿಸಿದ್ರು."

"ಹಾಗಾದ್ರೆ ನಾನೂ ಪಟಾಲಮ್ಮಿಗೆ ಸೇರ್ದೆ ಅನ್ನು," ಎಂದು ವೆಂಕಮ್ಮ ನಕ್ಕರು. ನಕ್ಕಿದ್ದು ಕೆಮ್ಮಾಯಿತು. ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಭಾಗೀರಥಿ ನೀರು ಕೊಡಲೆಂದು ಎದ್ದವಳು, ತಾನು ಕೊಡುವ ಹಾಗಿಲ್ಲವೆಂದು ನೆನಪಾಗಿ ಹಾಗೇ ಕೂತಳು. ಕಡ್ಡಿಗಳನ್ನು ಇನ್ನೂ ಬೇಗ ಬೇಗ ಆಡಿಸಿದಳು.

ಮರುದಿನ ಬೆಳಿಗ್ಗೆ ವೆಂಕಮ್ಮ ತುಂಗೆಯಿಂದ ಬಂದು ಸೀರೆ ಬದಲಿಸುವ ಹೊತ್ತಿಗೆ ಸ್ವೆಟರ್ ಜಗಲಿಯ ಮೇಲಿತ್ತು. ಪಕ್ಕೆ, ಹೆಗಲು, ಕಂಕುಳು ಎಲ್ಲವನ್ನೂ ಬೆರಳಾಡಿಸಿ ನೋಡಿದರು. ಆಮೇಲೆ ತಲೆಯ ಮೇಲಿಂದ ಇಳಿಸಿಕೊಂಡರು. ಕತ್ತು ಎಷ್ಟು ಅಗಲವಿತ್ತೆಂದರೆ ಬೋಳಿಸಿದ ತಲೆಯ ಮೇಲಿನ ಸೆರಗು ಒಂದಿಷ್ಟೂ ಜಾರಲಿಲ್ಲ. ಎದೆಯ ಮೇಲೆ ಎಡಭಾಗದ ಮೇಲೆ ಬಲಭಾಗ ಬಂದು ಎರಡು ಪದರವಾಗಿ ಕೂತಿತು.

ಅವರು ಎರಡೂ ಕೈಯಿಂದ ಎದೆಯನ್ನು ಒತ್ತಿಕೊಂಡು ನಿಂತರು.

"ಎಲ್ಲಾದ್ರೂ ಬಿಗೀತದಾ ಅತ್ತೆ?"

"ನಲವತ್ತು ವರ್ಷ ಆಯ್ತು ಕಣೇ," ಎಂದರು ವೆಂಕಮ್ಮ. "ಚಳಿಗಾಲದಲ್ಲಿ ಈ ಎದೆ ಬೆಚ್ಚಗಾಗಿ ನಲವತ್ತು ವರ್ಷ ಆಯ್ತು. ನಿನ್ನನ್ನ ಹೊರಗೆ ಕೂರಿಸಿದವಳಿಗೇ ಇಷ್ಟು ಮಾಡಿದ್ಯಲ್ಲೇ ಮಾರಾಯ್ತಿ. ನಿಂಗೆ ಒಳ್ಳೇದಾಗ್ಲಿ."

ಭಾಗೀರಥಿ ಅವರ ತೋಳಿನ ಕಡೆ ನೋಡಿ ಕಂಡದ್ದನ್ನು ಹೇಳಿದಳು: "ತೋಳು ಉದ್ದ ಆಗೋಯ್ತು ಅತ್ತೆ. ಕೊಡಿ, ಬಿಚ್ಚಿ ಸಣ್ಣ ಮಾಡ್ತೀನಿ."

"ಬೇಡ. ಸರಿಯಾಗೇ ಇದೆ."

ವೆಂಕಮ್ಮ ಬಲತೋಳನ್ನು ಬೆರಳ ತುದಿ ಕಾಣದಷ್ಟು ಕೆಳಗೆಳೆದುಕೊಂಡರು. ಆ ನಾಲ್ಕು ಮಾರು ದಾಟಿ ಬಂದರು. ಉಣ್ಣೆಯೊಳಗಿನ ಕೈಯನ್ನು ಸೊಸೆಯ ತಲೆಯ ಮೇಲಿಟ್ಟು, "ನಾಳೆ ನಿನ್ನ ಸ್ನಾನ ಆಗೋ ತನಕ ಕಾಯೋರ್ಯಾರು," ಎಂದರು.